ಚಿಕ್ಕಪ್ಪನ ಮಡಿಲಕ್ಕಿ

ನಮ್ಮ ವಂಶದಲ್ಲಿ ಮಡಿಲು ತುಂಬಿಸಿಕೊಂಡು ಮನೆಯಿಂದ ಹೊರಟ ಗಂಡಸು ಒಬ್ಬನೇ ಒಬ್ಬ. ಅವನು ನನ್ನ ಚಿಕ್ಕಪ್ಪ. ಹೇಳಿದರೆ ಜನ ನಗುತ್ತಾರೆ. ಆವತ್ತು ನಾನೂ ನಕ್ಕಿದ್ದೆ, ಬಾಯಿಗೆ ಸೆರಗು ಅಡ್ಡ ಹಿಡಿದು, ಅಜ್ಜಿಗೆ ಕಾಣದ ಹಾಗೆ. ಅವಳ ಎರಡು ಕಣ್ಣಿಗೂ ಪೊರೆ ಬಂದಿದ್ದರಿಂದ ಅಷ್ಟೊಂದು ಹುಷಾರಾಗಿರುವ ಅಗತ್ಯವೇನೂ ಇರಲಿಲ್ಲ. ಆದರೆ ಕಿವಿ ಚುರುಕಾಗಿತ್ತು. "ನಗು, ನಗು. ನಿಂಗೂ ಒಂದಿನ ಗೊತ್ತಾಯ್ತದೆ" ಅಂದಳು.

ಅಜ್ಜಿಗೆ ಮೂವರು ಗಂಡುಮಕ್ಕಳು. ಹಿರಿಯವನು ದೊಡ್ಡಪ್ಪ, ಬೋಗಾದಿಯಲ್ಲಿ ಬೇಸಾಯ ಮಾಡಿಕೊಂಡಿದ್ದ. ಆಗ ಬೋಗಾದಿ ಅಂದರೆ ಅಪ್ಪಟ ಹಳ್ಳಿ, ಮೈಸೂರಿನಿಂದ ಹೋಗುವಾಗ ನಡುವೆ ಹೊಲಗಳು ಸಿಗುತ್ತಿದ್ದವು. ನಡುವಿನವನು ನನ್ನ ಅಪ್ಪ. ರೈಲ್ವೆ ಕಚೇರಿಯಲ್ಲಿ ಗುಮಾಸ್ತನಾಗಿ ಲಷ್ಕರ್ ಮೊಹಲ್ಲಾದ ವಠಾರವೊಂದರ ಮಹಡಿಯ ಮೇಲೆ ಸಂಸಾರ ಹೂಡಿದ್ದ. ಕೊನೆಯವನು ಚಿಕ್ಕಪ್ಪ. ಎರಡನೆಯ ವರ್ಷದಲ್ಲಿ ಬಂದ ಜ್ವರ ಅವನ ಮೈಯಿಂದ ಇಳಿಯಿತೇ ಹೊರತು ತಲೆಯಿಂದ ಇಳಿಯಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಆಳು ಬೆಳೆದು ಬಾಗಿಲಿಗೆ ತಲೆ ತಾಕುವಷ್ಟಾದ. ಮಾತು ಮಾತ್ರ ಹತ್ತಿಪ್ಪತ್ತು ಪದಗಳಲ್ಲಿ ನಿಂತುಬಿಟ್ಟಿತು. ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದು, ಸ್ನಾನದ ನೀರನ್ನು ಯಾರಾದರೂ ಬೆರೆಸಿ ಕೊಡಬೇಕು. ಇದೆಲ್ಲ ದೊಡ್ಡ ವಿಷಯವಲ್ಲ, ಮೂರ್ಛೆ ಬರುವುದು ದೊಡ್ಡ ವಿಷಯ. ತಿಂಗಳಿಗೆ ಎರಡು ಸಲವೋ ಮೂರು ಸಲವೋ, ನಿಂತಲ್ಲೇ ಬಿದ್ದುಬಿಡುತ್ತಿದ್ದ.

ಬೀಳುವ ಮುಂಚೆ ಅವನ ಎಡಗೈ ಹೆಬ್ಬೆರಳು ಅದುರುತ್ತಿತ್ತು. ಇದು ಅಜ್ಜಿಯೊಬ್ಬಳಿಗೆ ಮಾತ್ರ ಗೊತ್ತಿದ್ದ ಗುಟ್ಟು. ಹೆಬ್ಬೆರಳು ಅದುರಿದ್ದನ್ನು ಕಂಡ ಕೂಡಲೇ ಮಾಡುತ್ತಿದ್ದ ಕೆಲಸ ಬಿಟ್ಟು ಬಂದು, ತನಗಿಂತ ಒಂದು ಮೊಳ ಎತ್ತರದ ಮಗನನ್ನು ಅಲ್ಲೇ ನೆಲಕ್ಕೆ ಕೂರಿಸಿ, ತಲೆಯನ್ನು ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದಳು. ಹೀಗೆ ಸುಮಾರು ಮೂವತ್ತು ವರ್ಷ ನಡೆಯಿತು. ದಿನವಿಡೀ ಅವನು ಅವಳ ಪಕ್ಕದಲ್ಲೇ ಇರುತ್ತಿದ್ದುದರಿಂದ ಹೆಂಗಸರ ಕೆಲಸವೊಂದನ್ನು ಕಲಿತಿದ್ದ. ಮೊರ ಹಿಡಿದು ಅಕ್ಕಿ ಕೇರಿ ಕಲ್ಲು ಆರಿಸುವುದು. ಅವನು ಆರಿಸಿದ ಅಕ್ಕಿಯಲ್ಲಿ ಒಂದು ಹರಳೂ ಉಳಿಯುತ್ತಿರಲಿಲ್ಲ. ನನ್ನ ಅಮ್ಮ ಬೋಗಾದಿಗೆ ಹೋದಾಗಲೆಲ್ಲ ಒಂದು ಚೀಲ ಅಕ್ಕಿಗೆ ಅವನ ಕೈಯಲ್ಲಿ ಕಲ್ಲು ತೆಗೆಸಿಕೊಂಡೇ ಬರುತ್ತಿದ್ದಳು.

ಅಜ್ಜಿಯ ಕಣ್ಣಿಗೆ ಪೊರೆ ಬಂದದ್ದೇ ಎಲ್ಲಕ್ಕೂ ಮೂಲವಾಯಿತು. ಆಪರೇಷನ್ ಅಂದರೆ ಅವಳಿಗೆ ಜೀವ ಹಾರಿಹೋಗುವಷ್ಟು ಭಯ. ಕಣ್ಣು ಮಂಜಾಗುತ್ತ ಹೋಗಿ, ಕೊನೆಗೆ ಮಗನ ಹೆಬ್ಬೆರಳು ಕಾಣದಾಯಿತು. ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದ ಚಿಕ್ಕಪ್ಪ ಮೂರ್ಛೆ ಬಂದು ಒಲೆಯೊಳಕ್ಕೇ ಬಿದ್ದ. ದೊಡ್ಡಮ್ಮ ಎಳೆದು ಹಾಕುವಷ್ಟರಲ್ಲಿ ಬಲಗೈ ಮೊಣಕೈವರೆಗೂ ಸುಟ್ಟಿತ್ತು. ಅಜ್ಜಿ ಮೂರು ಮೊಳ ದೂರದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳಂತೆ. "ನಾನ್ ಇಲ್ಲೇ ಇದ್ದೆ ಕಣವ್ವ, ಇಲ್ಲೇ ಇದ್ದೆ" ಎಂದು ನನ್ನ ಕೈ ಹಿಡಿದುಕೊಂಡು ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಒಂದೇ ಮಾತು. ಅಜ್ಜಿ ಹೋದ ಮೇಲೆ ಚಿಕ್ಕಪ್ಪ ಎಲ್ಲಿ? ಅವಳು ಇರುವಾಗಲೇ ಈ ಗತಿಯಾದರೆ ಆಮೇಲೆ ಯಾರ ಕಣ್ಣ ಮುಂದೆ? ದೊಡ್ಡಮ್ಮ ಗದ್ದೆ, ದನ, ಐದು ಮಕ್ಕಳ ನಡುವೆ ಒದ್ದಾಡುತ್ತಿದ್ದಳು. ನಮ್ಮ ಮನೆಗೆ ಹತ್ತಲು ಕಡಿದಾದ ಮರದ ಮೆಟ್ಟಿಲು, ಒಂದು ಸಲ ಉರುಳಿದರೆ ಮುಗಿಯಿತು. ಇಬ್ಬರು ಸೊಸೆಯರೂ ಬೇಡವೆನ್ನಲಿಲ್ಲ. ಹಾಗೆಂದು ಇಬ್ಬರಲ್ಲಿ ಯಾರೂ ಹೂಂ ಅನ್ನಲೂ ಇಲ್ಲ. ನಾನು ಆಗ ಟೀಚರ್ಸ್ ಟ್ರೇನಿಂಗ್ ಓದುತ್ತಿದ್ದೆ, ಜಗತ್ತಿನ ಎಲ್ಲ ಪ್ರಶ್ನೆಗೂ ಉತ್ತರ ನನಗೆ ಗೊತ್ತಿತ್ತು, ಇದೊಂದನ್ನು ಬಿಟ್ಟು.

ಮೊದಲು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಅಪ್ಪ, ಅಜ್ಜಿ, ಚಿಕ್ಕಪ್ಪ, ನಾನು, ರೈಲಿನಲ್ಲಿ. ಡಾಕ್ಟರು ಒಳ್ಳೆಯವರು. ಬಿಳಿ ಮಾತ್ರೆ ಬರೆದುಕೊಟ್ಟು, "ಇವರಿಗೆ ಆಸ್ಪತ್ರೆ ಬೇಕಾಗಿಲ್ಲ ಕಣ್ರೀ, ಜೊತೆಗೆ ಇರೋರು ಬೇಕು" ಅಂದರು. ನಿಜವಾದ ಮಾತು. ಆದರೆ ಜೊತೆಗಿರುವವರನ್ನು ಬರೆದುಕೊಡುವ ಚೀಟಿ ಅವರ ಬಳಿ ಇರಲಿಲ್ಲ. ಆಮೇಲೆ ಒಂದು ಮಠ ಆಯಿತು. ಬಂದವರಿಗೆಲ್ಲ ಅನ್ನ ಹಾಕುತ್ತಿದ್ದ ಜಾಗ, ಬುದ್ಧಿಯವರು ಪ್ರೀತಿಯಿಂದಲೇ ಮಾತಾಡಿಸಿದರು. ಅನ್ನಕ್ಕೆ ಕೊರತೆಯಿಲ್ಲ, ಆದರೆ ನೂರಾರು ಜನರ ನಡುವೆ ಇವನು ಬಿದ್ದರೆ ಯಾರು ನೋಡುತ್ತಾರೆ ಎಂದು ಅವರೇ ಕೇಳಿದರು. ಅಜ್ಜಿ ಕಾಲಿಗೆ ಬಿದ್ದು ಎದ್ದು ಬಂದಳು.

ಜಯಲಕ್ಷ್ಮಿಪುರದ ಮನೆಯ ಸುದ್ದಿ ತಂದವರು ಅಪ್ಪನ ಕಚೇರಿಯವರೊಬ್ಬರು. ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ ಒಬ್ಬರು ಅಲ್ಲಿ ಹೆಂಚಿನ ಮನೆಯೊಂದರಲ್ಲಿದ್ದರು. ಕಾಲಿನಲ್ಲಿ ಶಕ್ತಿಯಿಲ್ಲದ ಅವರ ತಂಗಿಗಾಗಿಯೇ ಮನೆಯನ್ನು ಮೆಟ್ಟಿಲು, ಹೊಸ್ತಿಲು ಇಲ್ಲದಂತೆ ಸಮ ಮಾಡಿಸಿದ್ದರು. ತಂಗಿಯ ಜೊತೆಗೆ ಬೇರೆಯವರ ಮನೆಯ ಇಬ್ಬರನ್ನು ಇಟ್ಟುಕೊಂಡಿದ್ದರು. ಪಾರ್ಶ್ವವಾಯು ಹೊಡೆದ ಒಬ್ಬ ಹಳೆಯ ಮೇಷ್ಟ್ರು, ಮಾತು ಬಾರದ ಒಬ್ಬಳು ಹೆಂಗಸು. ಅವರ ಕಡೆಯವರು ತಿಂಗಳಿಗಿಷ್ಟು ಎಂದು ಖರ್ಚಿಗೆ ಕೊಡುತ್ತಿದ್ದರು. ಇನ್ನೊಬ್ಬರಿಗೆ ಜಾಗವಿದೆ ಎಂದು ತಿಳಿಯಿತು.

"ಓಗಾನ, ಮನೆ ನೋಡ್ಕೊಂಡ್ ಬರಾನ" ಅಂದಳು ಅಜ್ಜಿ. ನಮ್ಮ ಕಡೆ ಮನೆ ನೋಡುವುದು ಅಂದರೆ ಬೇರೆಯೇ ಅರ್ಥ. ಮಗಳನ್ನು ಕೊಡುವ ಮುಂಚೆ ಗಂಡಿನ ಮನೆಗೆ ಹೋಗಿ, ದನದ ಕೊಟ್ಟಿಗೆಯಿಂದ ಹಿಡಿದು ಬಚ್ಚಲವರೆಗೆ ನೋಡಿ ಬರುವ ಪದ್ಧತಿ. ಅಜ್ಜಿ ಹಾಗೇ ಹೊರಟಳು. ಒಗೆದ ಸೀರೆ ಉಟ್ಟು, ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು, ಹಣ್ಣು ಕಾಯಿ ಕಟ್ಟಿಸಿಕೊಂಡು, ಅಪ್ಪನನ್ನೂ ಚಿಕ್ಕಪ್ಪನನ್ನೂ ನನ್ನನ್ನೂ ಜೊತೆಗೆ ಕರೆದುಕೊಂಡು. "ಅವ್ವ, ನಾವ್ ಸಂಬಂಧ ಮಾಡಕ್ ಓಯ್ತಿಲ್ಲ ಕಣವ್ವ" ಎಂದು ಅಪ್ಪ ನಾಚಿಕೊಂಡ. "ಇದ್ಕಿಂತ ಯಾವ ಸಂಬಂಧ ಐತ್ಲಾ?" ಅಂದಳು.

ಕಣ್ಣು ಕಾಣದ ಮುದುಕಿ ಮನೆ ನೋಡಿದ್ದನ್ನು ನಾನು ಆವತ್ತು ನೋಡಿದೆ. ಎಲ್ಲವನ್ನೂ ಮುಟ್ಟಿ ನೋಡಿದಳು. ಗೇಟಿನ ಚಿಲಕ ಮುಟ್ಟಿ ಬೀಗ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಬಾವಿಯ ಹಗ್ಗ ಎಷ್ಟು ಸವೆದಿದೆ ಎಂದು ಬೆರಳಲ್ಲಿ ಸವರಿದಳು. ಬಚ್ಚಲಲ್ಲಿ ಬಗ್ಗಿ ಕಲ್ಲಿನ ಮೇಲೆ ಪಾಚಿ ಇದೆಯಾ ಎಂದು ಉಜ್ಜಿ ನೋಡಿದಳು. ಮೇಷ್ಟ್ರ ಹಾಸಿಗೆಯ ಹತ್ತಿರ ಹೋಗಿ ಅವರು ಮಲಗಿದ್ದಂತೆಯೇ ಹೊದಿಕೆ ಎತ್ತಿ ಮೂಸಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನರ್ಸಮ್ಮ ಮಾತ್ರ ಒಂದು ಹೆಜ್ಜೆ ಹಿಂದೆ ಹಿಂದೆಯೇ ಬರುತ್ತಿದ್ದರು, ಮುಖದಲ್ಲಿ ಬೇಸರವಿರಲಿಲ್ಲ.

"ಇನ್ನೇನಾದ್ರೂ ಮುಟ್ಟಿ ನೋಡ್ಬೇಕಾ ಅಮ್ಮ?" ಎಂದು ಕೇಳಿದರು.

"ನಿನ್ ಕೈ ಕೊಡವ್ವ" ಅಂದಳು ಅಜ್ಜಿ. ನರ್ಸಮ್ಮನ ಅಂಗೈಯನ್ನು ತನ್ನ ಎರಡು ಕೈಯಲ್ಲೂ ಹಿಡಿದು ತುಸು ಹೊತ್ತು ತಡವಿದಳು. "ಕೆಲ್ಸದ್ ಕೈ" ಎಂದು ತನಗೇ ಹೇಳಿಕೊಂಡಳು.

ಆಮೇಲೆ ಕೇಳಬೇಕಾದ್ದನ್ನು ಕೇಳಿಯೇಬಿಟ್ಟಳು. "ನಿಮ್ದು ಯಾವ್ ಜನ?"

"ನಾವು ಕ್ರೈಸ್ತರು, ಅಮ್ಮ."

ಅಜ್ಜಿ ಹಿಡಿದಿದ್ದ ಕೈ ಬಿಟ್ಟಳು. ಅಪ್ಪ ನನ್ನ ಮುಖ ನೋಡಿದ, ನಾನು ಕಿಟಕಿ ನೋಡಿದೆ. ಬೋಗಾದಿಯಲ್ಲಿ ಪಕ್ಕದ ಕೇರಿಯವರ ಮನೆಯ ನೀರನ್ನೂ ಕುಡಿಯದವಳು ಅವಳು. ಇದೂ ಮುರಿದುಬಿತ್ತು, ಇನ್ನು ಯಾವ ಮನೆಯೂ ಉಳಿದಿಲ್ಲ ಅಂದುಕೊಂಡೆ. ಆ ಹೊತ್ತಿಗೆ ಹಿಂದಿನ ಜಗುಲಿಯಿಂದ ಮೊರದಲ್ಲಿ ಅಕ್ಕಿ ಕೇರುವ ಸದ್ದು ಬಂತು. ಒಂದೇ ಹದ, ಮೂರು ಕೇರಿ ಒಂದು ತಟ್ಟು. ಅಜ್ಜಿ ಕತ್ತು ತಿರುಗಿಸಿದಳು.

"ಅದ್ಯಾರು ಕೇರ್ತಾವ್ರೆ?"

ನಾನು ಹೋಗಿ ನೋಡಿದೆ. ನರ್ಸಮ್ಮನ ತಂಗಿ ಕಾಲು ಚಾಚಿಕೊಂಡು ಅಕ್ಕಿ ಆರಿಸುತ್ತಿದ್ದವರು, ಮೊರವನ್ನು ಚಿಕ್ಕಪ್ಪನಿಗೆ ಬಿಟ್ಟುಕೊಟ್ಟು ಗೋಡೆಗೊರಗಿ ನೋಡುತ್ತಿದ್ದರು. ಅವನು ಯಾರನ್ನೂ ಕೇಳದೆ, ಯಾರಿಂದಲೂ ಹೇಳಿಸಿಕೊಳ್ಳದೆ ಅವರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಪಟ್ಟಿ ಸುತ್ತಿದ ಬಲಗೈಯಲ್ಲೂ ಮೊರ ಅಲುಗಾಡುತ್ತಿರಲಿಲ್ಲ. ಸಿಕ್ಕಿದ ಕಲ್ಲುಗಳನ್ನು ಒಂದೊಂದಾಗಿ ಆ ತಂಗಿಯ ಕೈಗೆ ಕೊಡುತ್ತಿದ್ದ, ಅವರು ಎಣಿಸಿಕೊಳ್ಳುತ್ತಿದ್ದರು.

ಬಂದು ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಆ ಸದ್ದನ್ನೇ ಕೇಳಿದಳು. "ಅವ್ನು ಆರಿಸ್ದ ಅಕ್ಕಿ ತಾನೆ ಬೇಯೋದು" ಅಂದಳು. "ಇನ್ನೇನ್ ಬುಡು." ಆಮೇಲೆ ನರ್ಸಮ್ಮನನ್ನು ಪಕ್ಕಕ್ಕೆ ಕರೆದು, ಮೂವತ್ತು ವರ್ಷ ಯಾರಿಗೂ ಹೇಳದಿದ್ದ ಎಡಗೈ ಹೆಬ್ಬೆರಳಿನ ಗುಟ್ಟನ್ನು ಹೇಳಿದಳು. ಅವರು ಹೇಗೆ ಅದುರುತ್ತದೆ ಎಂದು ತಮ್ಮ ಹೆಬ್ಬೆರಳು ಆಡಿಸಿ ತೋರಿಸಿದರು. ಅಜ್ಜಿ ಅದನ್ನು ಮುಟ್ಟಿ, "ಅಲ್ಲ, ಇನ್ನೂ ಸಣ್ಣಕೆ" ಎಂದು ತಿದ್ದಿದಳು. ನಾನು ಮುಂದೆ ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಅಂಥ ಪಾಠ ಯಾರಿಗೂ ಹೇಳಿಲ್ಲ.

ಖರ್ಚಿನ ಮಾತನ್ನು ಅಜ್ಜಿ ತನ್ನೊಳಗೇ ತೀರ್ಮಾನಿಸಿಕೊಂಡಿದ್ದಳು. ಅವಳ ಮದುವೆಯಲ್ಲಿ ಅವಳಪ್ಪ ಅರಿಶಿನ ಕುಂಕುಮಕ್ಕೆಂದು ಒಂದು ತುಂಡು ಗದ್ದೆ ಕೊಟ್ಟಿದ್ದ. ಹೆಣ್ಣುಮಗಳಿಗೆ ತವರಿನಿಂದ ಬರುವ ಅಂಥ ನೆಲದ ಮೇಲೆ ಗಂಡನಿಗಾಗಲಿ ಮಕ್ಕಳಿಗಾಗಲಿ ಮಾತಿಲ್ಲ. ಇಷ್ಟು ವರ್ಷ ದೊಡ್ಡಪ್ಪ ಅದನ್ನೂ ತನ್ನದರ ಜೊತೆಗೇ ಉಳುತ್ತಿದ್ದ. ಅಜ್ಜಿ ಅವನನ್ನೂ ಅಪ್ಪನನ್ನೂ ಎದುರಿಗೆ ಕೂರಿಸಿಕೊಂಡು, ಚಿಕ್ಕವನು ಇರುವವರೆಗೂ ಆ ಗದ್ದೆಯ ಬತ್ತ ಅವನ ಊಟಕ್ಕೆ, ಮಿಕ್ಕಿದ್ದನ್ನು ಮಾರಿದ ದುಡ್ಡು ಹಾಲು, ಸೋಪು, ಬಟ್ಟೆಗೆ ಎಂದು ಹೇಳಿದಳು. ಮಾತ್ರೆಯ ಖರ್ಚು ತನ್ನದು ಎಂದು ಅಪ್ಪ ಒಪ್ಪಿಕೊಂಡ. ದೊಡ್ಡಪ್ಪ ಒರಟ, ಆದರೆ ಕಸಿಯುವ ಬುದ್ಧಿಯವನಲ್ಲ. "ಬತ್ತ ನಾನೇ ಗಾಡೀಲ್ ಆಕಿ ಕೊಟ್ಬತ್ತೀನಿ" ಅಂದ. ನೋಂದಣಿ ಕಚೇರಿಗೆ ಹೋಗಿ ಕಾಗದವೂ ಆಯಿತು, ಅಜ್ಜಿ ಹೆಬ್ಬೆಟ್ಟು ಒತ್ತಿ ಬಂದಳು. ಎಲ್ಲ ಸುಸೂತ್ರವಾಯಿತು ಎಂದು ನಾವು ಅಂದುಕೊಂಡೆವು.

ಆಗ ಅಜ್ಜಿ ಮಡಿಲಕ್ಕಿಯ ಮಾತು ತೆಗೆದಳು.

ಚಿಕ್ಕಪ್ಪ ಹೊರಡುವ ದಿನ ಅವನ ಟವೆಲ್ಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಮಡಿಲು ತುಂಬಬೇಕು. ತಾನು ಗಂಡನಿಲ್ಲದವಳು, ಸೊಸೆಯರು ತುಂಬಲಿ. ಆಮೇಲೆ ವರ್ಷ ವರ್ಷ ಗೌರಿ ಹಬ್ಬಕ್ಕೆ ಕರೆದುಕೊಂಡು ಬರಬೇಕು, ಮೂರು ದಿನ ಇಟ್ಟುಕೊಂಡು, ಹೊಸ ಬಟ್ಟೆ ಕೊಟ್ಟು, ಮತ್ತೆ ಮಡಿಲು ತುಂಬಿ ಕಳಿಸಬೇಕು. ಕೊಟ್ಟ ಹೆಣ್ಣುಮಗಳಿಗೆ ತವರಿನವರು ಏನೇನು ಮಾಡುತ್ತಾರೋ ಅದೆಲ್ಲ.

ದೊಡ್ಡಪ್ಪ ಎದ್ದು ನಿಂತುಬಿಟ್ಟ. "ಗಂಡ್ಸಿಗೆ ಮಡ್ಲು ತುಂಬುದ್ರೆ ಊರೋರು ಏನಂದಾರು? ನನ್ ತಮ್ಮನ್ನ ಎಂಗ್ಸು ಮಾಡ್ಬುಟ್ಟೆ ಅಂದಾರು. ಗದ್ದೆ ಓಗ್ಲಿ, ಮಾನ ಬ್ಯಾಡ್ವಾ ಅವ್ವ?"

ನಾನೂ ಬಾಯಿ ಹಾಕಿದೆ. ಹೊಸದಾಗಿ ಓದುತ್ತಿದ್ದವಳು. "ಅಜ್ಜಿ, ಇದೆಲ್ಲ ಯಾಕೆ? ಕಾಗದ ಪತ್ರ ಆಗಿದೆಯಲ್ಲ, ಸಾಕು."

"ಕಾಗ್ದ ಅನ್ನ ಆಕ್ತದೆ ಕಣ್ ಮಗ. ಕಾಗ್ದ ಬಂದು ಕರ್ಕೊಂಡೋಯ್ತದಾ?" ಅಂದಳು. ಆಮೇಲೆ ಮಕ್ಕಳಿಬ್ಬರ ಸದ್ದು ಬಂದ ಕಡೆಗೆ ಮುಖ ತಿರುಗಿಸಿ ಹೇಳಿದಳು. "ಕೇಳ್ರಪ್ಪ. ಒಬ್ಬ ದಡ್ಡನ್ನ ಎಲ್ಲೋ ಬುಟ್ಬಂದ್ರು ಅಂದ್ರೆ ಎಂಟ್ ದಿನಕ್ಕೆ ಮರ್ತೋಯ್ತದೆ. ನೀವೂ ಮರೀತೀರಿ, ಊರೂ ಮರೀತದೆ. ಎಣ್ಮಗೀನ ಕೊಟ್ಟವ್ರೆ ಅಂದ್ರೆ ಊರು ಮರಿಯಾಕ್ ಬುಡಕಿಲ್ಲ. ಯಾಕ್ಲಾ, ಈ ಸಲ ಗೌರಿಗ್ ಕರೀಲಿಲ್ವಾ ಅಂತ ಬಾವಿ ತಾವ ಕೇಳ್ತಾರೆ, ಅರಳಿಕಟ್ಟೇಲಿ ಕೇಳ್ತಾರೆ. ನಾನ್ ಸತ್ ಮ್ಯಾಲೆ ನಿಮ್ಮನ್ನ ಕೇಳೋರ್ ಬೇಕಲ್ಲಪ್ಪ."

ದೊಡ್ಡಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಗದ್ದೆಗೆ ಹೋದ. ಆಗಲೂ ನನ್ನ ತಲೆಗೆ ಅವಳ ಮಾತು ಪೂರ್ತಿ ಹೊಗಲಿಲ್ಲ ಎಂದೇ ಹೇಳಬೇಕು. ಅಜ್ಜಿಗೆ ವಯಸ್ಸಾಯಿತು, ಅವಳ ತೃಪ್ತಿಗೆ ನಡೆದುಹೋಗಲಿ ಎಂದಷ್ಟೇ ಅನ್ನಿಸಿತ್ತು.

ಹೊರಡುವ ದಿನ ಚಿಕ್ಕಪ್ಪನನ್ನು ಹಸೆಯ ಮೇಲೆ ಕೂರಿಸಿದರು. ಹೊಸ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ನನ್ನ ಅಮ್ಮ ಮತ್ತು ದೊಡ್ಡಮ್ಮ ನಗು ತಡೆಯಲಾರದೆ, ಅಳು ತಡೆಯಲಾರದೆ, ಮೂರು ಮೂರು ಬೊಗಸೆ ಅಕ್ಕಿ ಹಾಕಿದರು. ನಾನು ನಕ್ಕದ್ದು ಆಗಲೇ. ಚಿಕ್ಕಪ್ಪನೊಬ್ಬ ನಗಲಿಲ್ಲ. ಟವೆಲ್ಲನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡು ಬಿದ್ದ ಅಕ್ಕಿಯನ್ನೇ ನೋಡುತ್ತಿದ್ದ. ಕೊನೆಗೆ ಒಂದು ಕಲ್ಲನ್ನು ಹೆಕ್ಕಿ ಪಕ್ಕಕ್ಕಿಟ್ಟ. ಅಜ್ಜಿ ಅವನ ಕೆನ್ನೆ ಸವರಿ, "ಗೌರಿಗ್ ಬತ್ತೀವಿ ಕಣಪ್ಪ, ಗಾಡಿ ಕಟ್ಕೊಂಡ್ ಬತ್ತೀವಿ" ಅಂದಳು. "ಗೌರಿಗೆ" ಅಂದ ಚಿಕ್ಕಪ್ಪ. ಅವನ ಹತ್ತಿಪ್ಪತ್ತು ಪದಗಳಿಗೆ ಆವತ್ತು ಇನ್ನೊಂದು ಸೇರಿತು.

ಅವಳು ಇದ್ದಷ್ಟು ವರ್ಷವೂ ಹಾಗೇ ನಡೆಯಿತು. ಗೌರಿ ಹಬ್ಬದ ಹಿಂದಿನ ದಿನ ದೊಡ್ಡಪ್ಪ ಗೊಣಗುತ್ತಲೇ ಗಾಡಿ ಕಟ್ಟುತ್ತಿದ್ದ. ಪಕ್ಕದಲ್ಲಿ ಅಜ್ಜಿ ಕೂರುತ್ತಿದ್ದಳು. ಬೀಗಿತ್ತಿಗೆ ಎಂದು ಒಂದು ಕುಂಬಳಕಾಯಿಯೋ ಎರಡು ಸೇರು ಅವರೆಕಾಳೋ ಒಯ್ಯುತ್ತಿದ್ದಳು. ನರ್ಸಮ್ಮನಿಗೆ ಬೀಗಿತ್ತಿ ಎನ್ನಿಸಿಕೊಳ್ಳುವುದರಲ್ಲಿ ಬಹಳ ಖುಷಿಯಿತ್ತು. "ನಿಮ್ಮ ಮಗಳು ಈ ತಿಂಗಳು ಎರಡು ಮಡಕೆ ಒಡೆದಿದ್ದಾಳೆ ಬೀಗಿತ್ತಿ, ದಂಡ ಕೊಡಿ" ಎಂದು ರೇಗಿಸುತ್ತಿದ್ದರು. ಇಬ್ಬರೂ ಜಗುಲಿಯಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದರು. ಚಿಕ್ಕಪ್ಪ ಅಲ್ಲಿ ದಪ್ಪಗಾದ. ಮಾತ್ರೆಯಿಂದಲೋ ಏನೋ ಮೂರ್ಛೆ ಬರುವುದು ಕಡಿಮೆಯಾಯಿತು. ಬಂದಾಗಲೂ ನೆಲಕ್ಕೆ ಬೀಳುವ ಮುಂಚೆ ಯಾರದಾದರೊಂದು ಕೈ ಅವನ ತಲೆಯ ಕೆಳಗಿರುತ್ತಿತ್ತು.

ಒಂದು ಆಷಾಢದಲ್ಲಿ ಅಜ್ಜಿ ತೀರಿಕೊಂಡಳು. ಚಿಕ್ಕಪ್ಪನನ್ನು ಕರೆತಂದು ಮುಖ ತೋರಿಸಿದೆವು. ಎಲ್ಲರ ಜೊತೆ ಅವನೂ ಮೂರು ಹಿಡಿ ಮಣ್ಣು ಹಾಕಿದ. "ಅವ್ವ ಮಲ್ಗವ್ಳೆ" ಅಂದ. ಹೌದು ಅಂದೆವು.

ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ. ಹೋಳಿಗೆಯಿಲ್ಲ, ಬಾಗಿನವಿಲ್ಲ, ಕರೆಯುವುದಿಲ್ಲ, ಕಳಿಸುವುದಿಲ್ಲ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಗೌರಿ ಹತ್ತಿರ ಬಂದಾಗ ನಮ್ಮಲ್ಲಿ ಯಾರಿಗೂ ಏನೂ ನೆನಪಾಗಲಿಲ್ಲ. ಊರಿನವರೂ ಕೇಳಲಿಲ್ಲ. ಸೂತಕದ ಮನೆಯವರನ್ನು ಯಾರು ಕೇಳುತ್ತಾರೆ? ಅಜ್ಜಿ ಎಲ್ಲವನ್ನೂ ಯೋಚಿಸಿದ್ದಳು, ತಾನೇ ಸತ್ತ ವರ್ಷ ಏನಾಗುತ್ತದೆ ಎನ್ನುವುದೊಂದನ್ನು ಬಿಟ್ಟು.

ನಾನು ಆಗ ಜಯಲಕ್ಷ್ಮಿಪುರದ ಒಂದು ಶಾಲೆಯಲ್ಲಿ ಮೇಡಂ ಆಗಿದ್ದೆ. ನರ್ಸಮ್ಮನ ಮನೆ ನನ್ನ ದಾರಿಯಲ್ಲೇ ಇತ್ತು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹೋಗುವಾಗ ಚಿಕ್ಕಪ್ಪ ಗೇಟಿನ ಬಳಿ ನಿಂತಿದ್ದ. ಕೈ ಎತ್ತಿದ. ನಾನೂ ಕೈ ಎತ್ತಿ, ಬೆಲ್ಲಾಗುತ್ತದೆ ಎಂದು ಓಡಿದೆ. ಸಂಜೆ ವಾಪಸು ಬರುವಾಗಲೂ ಅವನು ಅಲ್ಲೇ ಇದ್ದ. ಆಗ ನೋಡಿದೆ, ಪಕ್ಕದಲ್ಲಿ ಅವನ ತಗಡಿನ ಪೆಟ್ಟಿಗೆಯಿತ್ತು. ಮೈಮೇಲೆ ಹೋದ ವರ್ಷದ ಹಬ್ಬದ ಅಂಗಿ. ಗುಂಡಿ ಒಂದೂ ತಪ್ಪದೆ ಹಾಕಿತ್ತು. ನರ್ಸಮ್ಮನ ಮನೆಯಲ್ಲಿ ಅಷ್ಟು ವರ್ಷದಲ್ಲಿ ಅದನ್ನು ಕಲಿತಿದ್ದ.

ನರ್ಸಮ್ಮ ಹೊರಗೆ ಬಂದರು. "ಬೀದೀಲಿ ಬಾಗಿನದ ಮೊರ ಮಾರೋರು ಬಂದಾಗಿಂದ ಹೀಗೇ ನಿಂತಿದ್ದಾನೆ ಕಣಮ್ಮ. ಊಟಕ್ಕೂ ಒಳಗೆ ಬರಲಿಲ್ಲ. ಯಾರೂ ಬರಲ್ವಾ?"

ನನ್ನ ಮುಖಕ್ಕೆ ಯಾರೋ ಹೊಡೆದಂತಾಯಿತು. ಬೆಳಿಗ್ಗೆ ಅವನು ಕೈ ಎತ್ತಿದ್ದು ನನ್ನನ್ನು ಮಾತಾಡಿಸಲು ಅಲ್ಲ, ನಿಲ್ಲಿಸಲು. "ಬರ್ತಾರೆ, ಇರಿ" ಎಂದು ಹೇಳಿ ಮನೆಯ ಕಡೆಗೆ ಹೋಗದೆ ಬೋಗಾದಿಯ ದಾರಿ ಹಿಡಿದೆ. ಅಷ್ಟು ದೂರವನ್ನು ನಡೆದೆನೋ ಓಡಿದೆನೋ ಗೊತ್ತಿಲ್ಲ. ದೊಡ್ಡಪ್ಪ ಹಟ್ಟಿಯ ಮುಂದೆ ಹಗ್ಗ ಹೊಸೆಯುತ್ತ ಕೂತಿದ್ದ.

"ಚಿಕ್ಕಪ್ಪ ಕಾಯ್ತಾ ಇದ್ದಾನೆ" ಅಂದೆ.

"ಯಾಕೆ?"

"ಗೌರಿಗೆ."

"ಅಯ್ಯೋ, ಈ ವರ್ಸ ಅಬ್ಬ ಇಲ್ವಲ್ಲವ್ವ. ಅವ್ವ ಓಗಿ ಎರಡು ತಿಂಗ್ಳೂ ಆಗಿಲ್ಲ."

ನನಗೆ ಕೋಪ ಬಂದರೆ ಹಿರಿಯರು ಕಿರಿಯರು ಕಾಣುವುದಿಲ್ಲ. "ಅದನ್ನ ಅವನಿಗೆ ಯಾರು ಹೇಳಿದ್ರು ದೊಡ್ಡಪ್ಪ? ಗಾಡಿ ಕಟ್ಕೊಂಡ್ ಬರ್ತೀವಿ ಅಂತ ಹೇಳಿದ್ದವಳು ಮಣ್ಣಲ್ಲಿ ಮಲಗಿದ್ದಾಳೆ. ಬೆಳಿಗ್ಗೆಯಿಂದ ಪೆಟ್ಟಿಗೆ ಇಟ್ಕೊಂಡು ನಿಂತಿದ್ದಾನೆ. ನಿಮಗೆ ಮಾನ ಹೋಗೋ ಹಾಗಿದ್ರೆ ಹೇಳಿ, ನಾನು ಟಾಂಗಾದಲ್ಲಿ ನಮ್ಮನೆಗೆ ಕರ್ಕೊಂಡು ಹೋಗ್ತೀನಿ."

ದೊಡ್ಡಪ್ಪ ಹಗ್ಗ ಕೆಳಗಿಟ್ಟ. ಅಂಗೈ ನೋಡಿಕೊಂಡ. "ಮರ್ತ್ಬುಟ್ಟೆ ಕಣವ್ವ" ಅಂದ. "ಮೂರು ತಿಂಗ್ಳಿಗ್ ಮುಂಚೆ ಬತ್ತ ಕೊಟ್ಬಂದಿದ್ದೆ. ಅದ್ಕೇ ಎಲ್ಲ ಸರಿಯಾಗೈತೆ ಅನ್ಕೊಂಡ್ಬುಟ್ಟೆ." ಎದ್ದು ಹೋಗಿ ಎತ್ತು ಬಿಚ್ಚಿಕೊಂಡು ಬಂದ. ಗಾಡಿಗೆ ಹೊಸ ಹುಲ್ಲು ಹಾಸಿ, ಅದರ ಮೇಲೆ ಅಜ್ಜಿ ಕೂರುತ್ತಿದ್ದ ಕಂಬಳಿಯನ್ನೇ ಹಾಸಿದ.

ಚಿಕ್ಕಪ್ಪ ಗಾಡಿಯನ್ನು ಕಂಡ ಕೂಡಲೇ ಪೆಟ್ಟಿಗೆ ಎತ್ತಿಕೊಂಡ. ಹತ್ತುವ ಮುಂಚೆ ಕಂಬಳಿಯ ಮೇಲೆ ಕೈಯಾಡಿಸಿ, ಗಾಡಿಯ ಒಳಗೆಲ್ಲ ನೋಡಿದ. ದೊಡ್ಡಪ್ಪ ತಲೆ ಬಗ್ಗಿಸಿ ಎತ್ತಿನ ಕೊರಳಿನ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟಿದ. ಚಿಕ್ಕಪ್ಪ ಹತ್ತಿ ಕೂತ.

ಮೂರು ದಿನ ಬೋಗಾದಿಯಲ್ಲಿದ್ದ. ಹಬ್ಬವಿರಲಿಲ್ಲ, ಬರಿಯ ಮುದ್ದೆ ಸಾರು. ಅವನು ಅಜ್ಜಿ ಕೂರುತ್ತಿದ್ದ ಕಂಬದ ಹತ್ತಿರ ಕೂತು ಮನೆಯ ಅಕ್ಕಿಯನ್ನೆಲ್ಲ ಆರಿಸಿ ಗುಡ್ಡೆ ಹಾಕಿದ. ಮೂರನೆಯ ದಿನ ಕಳಿಸಲು ನಾನೂ ಅಪ್ಪನೂ ಹೋಗಿದ್ದೆವು. ಗಾಡಿ ಬಾಗಿಲಿಗೆ ಬಂದು ನಿಂತಿತು. ಚಿಕ್ಕಪ್ಪ ಹೊಸ್ತಿಲವರೆಗೂ ಬಂದವನು ಅಲ್ಲೇ ನಿಂತ. ಹೆಗಲ ಮೇಲಿನ ಟವೆಲ್ಲು ತೆಗೆದು, ಎರಡು ಕೈಯಲ್ಲೂ ಅಗಲ ಮಾಡಿ ಮುಂದಕ್ಕೆ ಹಿಡಿದ.

ದೊಡ್ಡಮ್ಮ ಅಪ್ಪನ ಮುಖ ನೋಡಿದಳು. "ಸೂತಕದ್ ವರ್ಸ ನಾವು ಮಡ್ಲು ತುಂಬಂಗಿಲ್ವಲ್ಲ" ಎಂದು ಸಣ್ಣ ದನಿಯಲ್ಲಿ ಹೇಳಿದಳು. ಅಪ್ಪ ಅವನ ಭುಜ ಹಿಡಿದು, "ಬಾಪ್ಪ, ಓಗಾನ" ಎಂದು ಕರೆದ. ಅವನು ಅಲುಗಲಿಲ್ಲ. ಹಟ ಮಾಡಲಿಲ್ಲ, ಅಳಲಿಲ್ಲ, ಟವೆಲ್ಲು ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ಯಾರಾದರೂ ಎದ್ದು ಬಂದೇ ಬರುತ್ತಾರೆ ಎಂದು ಅವನಿಗೆ ಗೊತ್ತಿದ್ದ ಹಾಗಿತ್ತು.

ದೊಡ್ಡಪ್ಪ ಗಾಡಿಯಿಂದ ಇಳಿದ. ಚಪ್ಪಲಿ ಬಿಟ್ಟು ಒಳಗೆ ಹೋದ. ಬರುವಾಗ ಅವನ ಎರಡು ಕೈ ತುಂಬ ಅಕ್ಕಿಯಿತ್ತು.

"ಎಂಗಸ್ರು ತುಂಬಂಗಿಲ್ಲ ತಾನೆ?" ಅಂದ ದೊಡ್ಡಮ್ಮನಿಗೆ. "ನಾನ್ ತುಂಬ್ತೀನಿ. ಗಂಡಸ್ರು ತುಂಬಬಾರ್ದು ಅಂತ ಯಾವ ಸಾಸ್ತ್ರದಲ್ಲೂ ಯೋಳಿಲ್ಲ. ಯಾಕಂದ್ರೆ ಯಾವನೂ ಯಾವತ್ತೂ ತುಂಬಿಲ್ಲ."

ಮೂರು ಸಲ ಒಳಗೆ ಹೋಗಿ ಬಂದ. ಮೂರು ಬೊಗಸೆ. ನೇಗಿಲು ಹಿಡಿದು ಒಡೆದ ಆ ಬೆರಳುಗಳ ಸಂದಿಯಿಂದ ಅಕ್ಕಿ ಸೋರಿ ಹೊಸ್ತಿಲ ಮೇಲೆ ಬೀಳುತ್ತಿತ್ತು. ಚಿಕ್ಕಪ್ಪ ಟವೆಲ್ಲಿನೊಳಗೆ ನೋಡಿದ, ಅವನೇ ಆರಿಸಿದ್ದ ಅಕ್ಕಿ, ಹೆಕ್ಕಲು ಕಲ್ಲು ಸಿಗಲಿಲ್ಲ. ತಲೆಯೆತ್ತಿ, "ಗೌರಿಗೆ?" ಅಂದ. ಅದು ಅವನು ಪ್ರತಿ ವರ್ಷ ಅಜ್ಜಿಯನ್ನು ಕೇಳುತ್ತಿದ್ದುದು.

"ಬತ್ತೀನಿ ಕಣ್ಲಾ" ಅಂದ ದೊಡ್ಡಪ್ಪ. ಇನ್ನೂ ಏನೋ ಹೇಳಲು ಹೋಗಿ ಆಗದೆ ತಮ್ಮನ ತಲೆಯನ್ನು ಎದೆಗೆ ಒತ್ತಿಕೊಂಡ. ದೊಡ್ಡಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಜ್ಜಿಯ ಮಣ್ಣಿನಲ್ಲೂ ಅವನು ಅತ್ತಿರಲಿಲ್ಲ.

ಆಮೇಲೆ ಒಂದು ವರ್ಷವೂ ತಪ್ಪಿಸಲಿಲ್ಲ. ಊರಿನವರು ಕೇಳುವ ಮುಂಚೆಯೇ, "ನಮ್ ಎಣ್ಮಗೀನ ಕರ್ಕೊಂಬರಕ್ ಓಯ್ತಾವ್ನಿ" ಎಂದು ಬಾವಿಯ ಹತ್ತಿರ ಗಟ್ಟಿಯಾಗಿ ಹೇಳಿಕೊಂಡೇ ಗಾಡಿ ಹೊಡೆಯುತ್ತಿದ್ದ. ಎಂಟು ವರ್ಷವೋ ಒಂಬತ್ತು ವರ್ಷವೋ ಹಾಗೇ ನಡೆದು, ದೊಡ್ಡಪ್ಪನ ಕಾಲು ಬಿದ್ದುಹೋದ ವರ್ಷ ಟಾಂಗಾ ಮಾಡಿಕೊಂಡು ನಾನು ಹೋದೆ. ಚಿಕ್ಕಪ್ಪ ಪೆಟ್ಟಿಗೆ ಇಟ್ಟುಕೊಂಡು ಗೇಟಿನಲ್ಲಿ ನಿಂತಿದ್ದ, ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದ, ನನ್ನ ಹಿಂದೆ ನೋಡಿದ, ಆಮೇಲೆ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟ. ಆ ವರ್ಷ ಅವನ ಮಡಿಲು ತುಂಬಿದವಳು ನಾನು. ನಗು ಬರಲಿಲ್ಲ.